ಅತಾಬೆಗ್

ಅತಾಬೆಗ್ ಎಂಬುದು ಒಂದು ಬಿರುದು. ತುರ್ಕಿ ಭಾಷೆಯಲ್ಲಿ 'ಅತಾ' ಎಂದರೆ ತಂದೆ, 'ಬೆಗ್' ಎಂದರೆ ಒಡೆಯ. ನಮಗೆ ಪರಿಚಿತವಾದ 'ಬೇಗಂ' ಹುಟ್ಟಿದ್ದೂ ಇದೇ ಬೆಗ್‌ನಿಂದ. ಕನ್ನಡದಲ್ಲಿ ಅತಾಬೆಗ್‌ನನ್ನು 'ರಾಜಪ್ರತಿನಿಧಿ' ಎಂದುಬಿಡುವುದುಂಟು. ಅದು ಸಾಲದು, 'ಸಾಕುತಂದೆ' ಎಂದರೆ ಹೆಚ್ಚು ಹತ್ತಿರ.

ಹನ್ನೊಂದು-ಹನ್ನೆರಡನೇ ಶತಮಾನಗಳಲ್ಲಿ ಪಶ್ಚಿಮ ಏಷ್ಯಾವನ್ನು ಆಳಿದ ತುರ್ಕಿ ವಂಶದ ಸೆಲ್ಜುಕ್ ಸುಲ್ತಾನರು ಎಳೆಯ ರಾಜಕುಮಾರನಿಗೆ ಒಂದು ಪ್ರಾಂತ್ಯ ಕೊಟ್ಟು, ಅವನನ್ನು ಬೆಳೆಸಿ ಆಡಳಿತ ಕಲಿಸಲು ಒಬ್ಬ ಸೇನಾನಿಯನ್ನು ಜೊತೆಗೆ ಕಳಿಸುತ್ತಿದ್ದರು. ಹುಡುಗನ ತಂದೆ ತೀರಿಕೊಂಡರೆ ಎಷ್ಟೋ ಸಲ ಆ ಸೇನಾನಿಯೇ ಅವನ ತಾಯಿಯನ್ನು ಮದುವೆಯಾಗುತ್ತಿದ್ದ. ಶುಕ್ರವಾರ ಮಸೀದಿಯಲ್ಲಿ ಓದುವ ಪ್ರವಚನದಲ್ಲಿ (ಖುತ್ಬಾ), ನಾಣ್ಯದ ಮೇಲೆ ಹುಡುಗನ ಹೆಸರು. ಸೈನ್ಯ, ಕಂದಾಯ ಅತಾಬೆಗ್‌ನ ಕೈಯಲ್ಲಿ. ಏರ್ಪಾಡು ಕೆಡುತ್ತಿದ್ದುದು ಇಲ್ಲೇ: ಹುಡುಗ ದೊಡ್ಡವನಾದ ದಿನ ಅತಾಬೆಗ್‌ಗೆ ಕೆಲಸವಿಲ್ಲ, ಹಾಗಾಗಿ ಅವನು ದೊಡ್ಡವನಾಗುವುದೇ ಬೇಕಿರಲಿಲ್ಲ.

ಸಿರಿಯಾದ ಅಲೆಪ್ಪೊ ನಗರದ ದೊರೆ ಅಲ್ಪ್ ಅರ್ಸ್ಲಾನ್‌ನ ಕಥೆ ನೋಡಿ. 1071ರಲ್ಲಿ ಮಂಜಿಕರ್ಟ್‌ನಲ್ಲಿ ಬೈಜಾಂಟಿಯಮ್ ಚಕ್ರವರ್ತಿಯನ್ನೇ ಸೆರೆಹಿಡಿದ ಸುಲ್ತಾನನ ಮರಿಮಗ, ಹೆಸರೂ ಮುತ್ತಜ್ಜನದೇ. ಮಾತು ತೊದಲುತ್ತಿದ್ದುದರಿಂದ 'ಅಲ್-ಅಖ್ರಸ್', ಅಂದರೆ ಮೂಕ, ಎಂಬ ಅಡ್ಡಹೆಸರು ಅಂಟಿತು. 1113ರ ಡಿಸೆಂಬರ್‌ನಲ್ಲಿ ತಂದೆ ರಿದ್ವಾನ್ ಸತ್ತಾಗ ಇವನಿಗೆ ಸುಮಾರು 16 ವರ್ಷ. ಪಕ್ಕದಲ್ಲೇ ಅಂತಿಯೋಕ್ ನಗರವನ್ನು ಹಿಡಿದಿದ್ದ ಕ್ರುಸೇಡರ್‌ಗಳು, ಅಂದರೆ ಯುರೋಪಿನಿಂದ ಬಂದ ಕ್ರೈಸ್ತ ಯೋಧರು. ಅತಾಬೆಗ್ ಆಗಿ ಆಡಳಿತ ನಡೆಸಿದವನು ಲುಲು ಎಂಬ ನಪುಂಸಕ ಅಧಿಕಾರಿ. ಹುಡುಗ ತನ್ನ ಇಬ್ಬರು ತಮ್ಮಂದಿರನ್ನು ಕೊಲ್ಲಿಸಿದ. ತಂದೆ ಆಶ್ರಯ ಕೊಟ್ಟಿದ್ದ ನಿಜಾರಿ ಇಸ್ಮಾಯಿಲಿ ಎಂಬ ಶಿಯಾ ಪಂಥದವರ ಮಾರಣಹೋಮವೂ ಅವನ ಕಾಲದಲ್ಲೇ ನಡೆಯಿತು. ವರ್ಷ ತುಂಬುವ ಮೊದಲೇ, 1114ರಲ್ಲಿ, ಲುಲು ಅವನನ್ನು ಕೊಲ್ಲಿಸಿ ಇನ್ನೊಬ್ಬ ತಮ್ಮ, ಆರು ವರ್ಷದ ಸುಲ್ತಾನ್ ಶಾನನ್ನು ಗದ್ದುಗೆಗೆ ಕೂರಿಸಿದ. ಹದಿನಾರರ ಹುಡುಗನ ಜಾಗಕ್ಕೆ ಆರರ ಮಗುವನ್ನು ತಂದದ್ದನ್ನು ಗಮನಿಸಿ. ಲುಲುಗೆ ಬೇಕಿದ್ದ ದೊರೆ ಎಂಥವನೆಂದು ಅದರಲ್ಲೇ ಗೊತ್ತಾಗುತ್ತದೆ.

ಡಮಾಸ್ಕಸ್‌ನಲ್ಲಿ ಇದು ಇನ್ನೂ ಮುಂದೆ ಹೋಗಿತ್ತು. ಅಲ್ಲಿನ ದೊರೆ ದುಕಾಕ್‌ನ ತಾಯಿಯನ್ನು ಮದುವೆಯಾಗಿದ್ದ ಅತಾಬೆಗ್ ತುಗ್ತೆಕಿನ್, 1104ರಲ್ಲಿ ದುಕಾಕ್ ಸತ್ತ ಮೇಲೆ ಮೊದಲು ಅವನ ಹಸುಗೂಸನ್ನು, ನಂತರ ದುಕಾಕ್‌ನ 12 ವರ್ಷದ ತಮ್ಮನನ್ನು ದೊರೆಯೆಂದು ಸಾರಿದ. ತಮ್ಮ ಕೆಲವೇ ತಿಂಗಳಲ್ಲಿ ಜೀವಭಯದಿಂದ ಓಡಿಹೋದ. ಆಮೇಲೆ ತುಗ್ತೆಕಿನ್ 1128ರವರೆಗೆ ತಾನೇ ಆಳಿದ. ಅವನ ವಂಶ 1154ರವರೆಗೆ ನಗರವನ್ನು ಹಿಡಿದಿಟ್ಟುಕೊಂಡಿತು.

ಹೀಗೆ ಹುಡುಗರು ಹೋದರೂ ಬಿರುದು ಉಳಿಯಿತು. 1144ರಲ್ಲಿ ಕ್ರುಸೇಡರ್‌ಗಳಿಂದ ಎಡೆಸ್ಸಾ ನಗರವನ್ನು ಕಿತ್ತುಕೊಂಡ ಜಂಗಿ ಎಂಬ ದೊರೆಯೂ ಅತಾಬೆಗ್‌ನೇ. ಹಾಗಾಗಿ ಆ ಕಾಲದ ಬರಹದಲ್ಲಿ ಈ ಪದ ಕಂಡರೆ, ಹೆಸರಿಗಾದರೂ ಒಬ್ಬ ರಾಜಕುಮಾರ ಜೊತೆಗಿದ್ದಾನೆಯೇ ಎಂದು ಮೊದಲು ನೋಡಿ. ಅರ್ಥ 'ಸಾಕುತಂದೆ'ಯೋ ಬರೀ 'ದೊರೆ'ಯೋ ಎಂಬುದು ಅದರ ಮೇಲೆ ನಿಂತಿದೆ.