ತೂತಿನ ಮೇಲೆ ಬೆರಳು

‘ಲೈಟ್’ ಎಂದು ಹೆಸರಾದ ಸಿಗರೇಟಿನ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಸೂಜಿಮೊನೆಯಷ್ಟು ಸಣ್ಣ ತೂತುಗಳ ಸಾಲು ಕಾಣುತ್ತದೆ. ದಮ್ ಎಳೆದಾಗ ಅಲ್ಲಿಂದ ಗಾಳಿ ನುಗ್ಗಿ ಹೊಗೆ ತೆಳುವಾಗುತ್ತದೆ. ಒಳಗಿನ ಸೊಪ್ಪಿನಲ್ಲಿ ಮಾತ್ರ ನಿಕೋಟಿನ್ ಇದ್ದಷ್ಟೇ ಇರುತ್ತದೆ. ‘ನಿಕೋಟಿನ್ ಕಡಿಮೆ’ ಎಂಬ ಹೆಗ್ಗಳಿಕೆ ಹೆಚ್ಚಾಗಿ ಈ ತೂತುಗಳದ್ದು. ಅಳೆದದ್ದು ಒಂದು ಯಂತ್ರ. ಅಮೆರಿಕದಲ್ಲಿ ದಶಕಗಳ ಕಾಲ ಬಳಸಿದ ಈ ವಿಧಾನದಲ್ಲಿ ಯಂತ್ರ ನಿಮಿಷಕ್ಕೊಮ್ಮೆ, ಎರಡು ಸೆಕೆಂಡು, 35 ಮಿಲಿಲೀಟರ್ ಹೊಗೆ ಎಳೆಯುತ್ತಿತ್ತು. ಪಾಪ, ಅದಕ್ಕೆ ಚಟವೂ ಇಲ್ಲ, ಬೆರಳೂ ಇಲ್ಲ.

ಸೇದುವವರಿಗೆ ಎರಡೂ ಇವೆ. ಸಿಗರೇಟು ಹಿಡಿದ ಬೆರಳೋ ತುಟಿಯೋ ತೂತುಗಳನ್ನು ಮುಚ್ಚಿಬಿಡುತ್ತದೆ. ತೂತು ಇದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಅದೂ ಸಾಲದಿದ್ದರೆ ದಮ್ ಉದ್ದವಾಗುತ್ತದೆ, ಹೊಗೆ ಇನ್ನೂ ಆಳಕ್ಕೆ ಹೋಗುತ್ತದೆ. ಕೊನೆಗೆ ಮೈಗೆ ಸೇರುವ ನಿಕೋಟಿನ್ ಹೆಚ್ಚುಕಡಿಮೆ ಮೊದಲಿನಷ್ಟೇ. ಹೀಗಾದ ಮೇಲೆ ‘ಲೈಟ್’ ಅನ್ನುವುದು ಸುಮ್ನೆ ಹೆಸರಿಗಷ್ಟೇ ಅಲ್ವಾ? 2010ರಲ್ಲಿ ಅಮೆರಿಕ ಆ ಪದವನ್ನೇ ಪೊಟ್ಟಣಗಳಿಂದ ತೆಗೆಸಿತು.

ದೇಹಕ್ಕೆ ಲೆಕ್ಕ ಗೊತ್ತು. ಎಳೆದ ಹೊಗೆಯ ನಿಕೋಟಿನ್ 10–20 ಸೆಕೆಂಡಿನಲ್ಲಿ ಮಿದುಳು ಮುಟ್ಟಿ ಹಿತವೆನಿಸುವ ರಾಸಾಯನಿಕವಾದ ಡೋಪಮೈನ್ ಬಿಡಿಸುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಕೈ ಮತ್ತೆ ಪೊಟ್ಟಣಕ್ಕೆ ಹೋಗುತ್ತದೆ.

ಸರಿ, ಸೊಪ್ಪಿನಲ್ಲೇ ನಿಕೋಟಿನ್ ಇಲ್ಲದಂತೆ ಮಾಡಿದರೆ? ಆಗ ಎಷ್ಟು ಜೋರಾಗಿ ಎಳೆದರೂ ಏನೂ ಬಾರದು. ಚಟ ಹಿಡಿಸಲಾರದಷ್ಟು ಕೆಳಗೆ ಇಳಿಸಬೇಕು ಎಂದು ಸಂಶೋಧಕರಾದ ನೀಲ್ ಬೆನೊವಿಟ್ಜ್ ಮತ್ತು ಜಾಕ್ ಹೆನಿಂಗ್‌ಫೀಲ್ಡ್ 1994ರಲ್ಲೇ ಹೇಳಿದ್ದರು. ಅದನ್ನು ದೊಡ್ಡದಾಗಿ ಪರೀಕ್ಷಿಸಿದ ಅಧ್ಯಯನ ಬಂದದ್ದು 2015ರಲ್ಲಿ. ಬಿಡುವ ಯೋಚನೆಯೇ ಇಲ್ಲದ 840 ಜನರನ್ನು ಆರು ವಾರ ಗಮನಿಸಿದರು. ಕೆಲವರಿಗೆ ಗ್ರಾಂ ತಂಬಾಕಿಗೆ 15.8 ಮಿಲಿಗ್ರಾಂ ನಿಕೋಟಿನ್ ಇರುವ, ಅಂದರೆ ಮಾಮೂಲಿ ಮಟ್ಟದ ಸಿಗರೇಟು. ಉಳಿದವರಿಗೆ ಬೇರೆಬೇರೆ ಮಟ್ಟದವು. 5.2ಕ್ಕೆ ಇಳಿಸಿದರೂ ಸೇದುವ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2.4ರ ಹೊತ್ತಿಗೆ ಕಂಡಿತು. 0.4ರವರು ದಿನಕ್ಕೆ ಸುಮಾರು 15 ಸೇದಿದರೆ, ಮಾಮೂಲಿಯವರು 21. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಸಿಗರೇಟು ಬಿಟ್ಟಿಯಾಗಿಯೇ ಸಿಗುತ್ತಿತ್ತು. ನನಗೆ ಇದೇ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಸಂಗತಿ.

ನಿಧಾನವಾಗಿ ಇಳಿಸುವುದು ವಾಸಿ ಎಂದು ನಮಗೆ ಅನ್ನಿಸುತ್ತದೆ. ಆದರೆ 1,250 ಜನರ ಮೇಲೆ 20 ವಾರ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಮ್ಮೆಲೇ 0.4ಕ್ಕೆ ಇಳಿಸಿದವರ ಮೈಯಲ್ಲೇ ಹೊಗೆಯ ವಿಷಗಳು ಹೆಚ್ಚು ತಗ್ಗಿದ್ದವು. ಆದರೆ ಅಧ್ಯಯನವನ್ನು ಅರ್ಧಕ್ಕೇ ಬಿಟ್ಟು ಹೋದವರೂ ಆ ಗುಂಪಿನಲ್ಲೇ ಜಾಸ್ತಿ.

ನಿಕೋಟಿನ್ ಇಲ್ಲದ ಸಿಗರೇಟು ನಿರಪಾಯವೇನಲ್ಲ. ಸೊಪ್ಪು ಉರಿದಾಗ ಟಾರ್ ಬರುತ್ತದೆ, ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಕ್ಯಾನ್ಸರಿಗೆ ಮುಖ್ಯ ಕಾರಣ ನಿಕೋಟಿನ್ ಅಲ್ಲ, ಈ ಹೊಗೆ. ಲಾಭ ಬರುವುದು ಸೇದುವುದು ಕಡಿಮೆಯಾದರೆ ಮಾತ್ರ.

ಇನ್ನೊಂದು ತೊಡಕು. ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದವರ ಮೂತ್ರ ಪರೀಕ್ಷಿಸಿದಾಗ ಬಹಳ ಜನರಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ನಿಕೋಟಿನ್ ಅಂಶ ಸಿಕ್ಕಿತು. ಕದ್ದು ಮಾಮೂಲಿ ಸಿಗರೇಟು ಸೇದಿದ್ದರು! ತಪ್ಪೆನ್ನಲಾಗದು, ಅಂಗಡಿಯಲ್ಲಿ ಅದು ಸಿಗುತ್ತಲೇ ಇತ್ತು. ಅಂಗಡಿಯಲ್ಲೇ ಸಿಗದಂತೆ ಮಾಡಲು ನ್ಯೂಜಿಲೆಂಡ್ 2022ರಲ್ಲಿ ಕಾಯ್ದೆ ತಂದಿತು. ಗ್ರಾಂಗೆ 0.8 ಮಿಲಿಗ್ರಾಂ ಮಿತಿ 2025ರಿಂದ ಜಾರಿಯಾಗಬೇಕಿತ್ತು. ಸರ್ಕಾರ ಬದಲಾಯಿತು, 2024ರಲ್ಲಿ ಕಾಯ್ದೆಯ ಆ ಭಾಗವೇ ರದ್ದಾಯಿತು. 2025ರ ಜನವರಿಯಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 0.7ರ ಮಿತಿಯನ್ನು ಪ್ರಸ್ತಾಪಿಸಿತು.