ವಿಯೆಟ್ನಾಂ ಯುದ್ಧ: ಜನಬೆಂಬಲ ಕುಸಿದದ್ದು ಯಾವಾಗ, ಸೇನೆ ಮರಳಿದ್ದು ಹೇಗೆ

ಕಮ್ಯುನಿಸ್ಟ್ ಉತ್ತರ ವಿಯೆಟ್ನಾಂ ವಿರುದ್ಧ ದಕ್ಷಿಣದ ಪರ ಹೋರಾಡಿದ ಅಮೆರಿಕ ಕೊನೆಗೆ ಏಕೆ ಹೊರಟಿತು ಎಂಬ ಪ್ರಶ್ನೆಗೆ ನಾವು ಬರೆಯುವ ಉತ್ತರ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಟಿವಿಯಲ್ಲಿ ಯುದ್ಧ ಕಂಡ ಅಮೆರಿಕದ ಜನ ಸಿಡಿದೆದ್ದರು, ವಿದ್ಯಾರ್ಥಿಗಳು ಬೀದಿಗಿಳಿದರು, ಸರ್ಕಾರ ಮಣಿದು ಸೇನೆಯನ್ನು ಕರೆಸಿಕೊಂಡಿತು. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಈ ಕಥೆ ನಿಲ್ಲುವುದಿಲ್ಲ. ಸೇನೆ ಕಳಿಸಿದ್ದೇ ತಪ್ಪು ಎನ್ನುವವರು ತಪ್ಪಲ್ಲ ಎನ್ನುವವರನ್ನು ಮೀರಿದ್ದು 1967ರ ಅಕ್ಟೋಬರಿನಲ್ಲಿ. ಅಮೆರಿಕದ ಕೊನೆಯ ಯುದ್ಧಪಡೆ ಹೊರಟದ್ದು 1973ರ ಮಾರ್ಚ್ 29ಕ್ಕೆ. ನಡುವೆ ಸುಮಾರು ಐದೂವರೆ ವರ್ಷ. ಈ ಟಿಪ್ಪಣಿ ಆ ಅಂತರದ ಬಗ್ಗೆ.

ಮೊದಲು ಪ್ರಶ್ನೆ ಓದಿ, ಆಮೇಲೆ ಶೇಕಡಾವಾರು

ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಯುದ್ಧದುದ್ದಕ್ಕೂ ಕೇಳಿದ ಮುಖ್ಯ ಪ್ರಶ್ನೆ ಇದು: ವಿಯೆಟ್ನಾಂಗೆ ಸೇನೆ ಕಳಿಸಿ ಅಮೆರಿಕ ತಪ್ಪು ಮಾಡಿತೇ? 1965ರ ಆಗಸ್ಟಿನಲ್ಲಿ ಹೌದು ಎಂದವರು ಶೇ 24. 1967ರ ಅಕ್ಟೋಬರಿನಲ್ಲಿ ಹೌದು ಶೇ 47, ಇಲ್ಲ ಶೇ 44. 1971ರ ಮೇ ಹೊತ್ತಿಗೆ ಹೌದು ಶೇ 61.

ಎಡವುವುದು ಇಲ್ಲೇ. ‘ತಪ್ಪಾಯಿತು’ ಎಂದವರನ್ನೆಲ್ಲ ‘ವಾಪಸ್ ಬನ್ನಿ’ ಎನ್ನುವವರ ಲೆಕ್ಕಕ್ಕೆ ಸೇರಿಸಬಾರದು. ಅವರಲ್ಲಿ ಒಂದು ದೊಡ್ಡ ಪಾಲು, ಹೋದ ಮೇಲೆ ಕೈಕಟ್ಟಿಕೊಂಡು ಹೋರಾಡುವುದೇಕೆ, ಪೂರ್ತಿ ಬಲ ಹಾಕಿ ಗೆದ್ದು ಬನ್ನಿ ಎನ್ನುವವರದು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ 1968ರ ಮಾರ್ಚ್ 12ರ ನ್ಯೂ ಹ್ಯಾಂಪ್‌ಶೈರ್ ಪ್ರಾಥಮಿಕ ಚುನಾವಣೆ ಇದಕ್ಕೆ ಒಳ್ಳೆಯ ಉದಾಹರಣೆ. ಯುದ್ಧವಿರೋಧಿ ಯೂಜೀನ್ ಮೆಕಾರ್ಥಿ, ಅಧಿಕಾರದಲ್ಲಿದ್ದ ಅಧ್ಯಕ್ಷ ಜಾನ್ಸನ್ ಎದುರು ಶೇ 42 ಮತ ಪಡೆದರು. ಆದರೆ ಮಿಷಿಗನ್ ವಿಶ್ವವಿದ್ಯಾಲಯದವರ ಅಧ್ಯಯನದ ಪ್ರಕಾರ, ಮೆಕಾರ್ಥಿಗೆ ಮತ ಹಾಕಿದವರಲ್ಲಿ ಶಾಂತಿ ಬಯಸುವವರಿಗಿಂತ ಯುದ್ಧವನ್ನು ಇನ್ನಷ್ಟು ಬಿರುಸಾಗಿಸಿ ಎನ್ನುವವರೇ ಹೆಚ್ಚು. ಅವರು ಮತ ಹಾಕಿದ್ದು ಜಾನ್ಸನ್ ವಿರುದ್ಧ; ಶಾಂತಿಯ ಪರ ಅಲ್ಲ.

ಎರಡನೆಯದು ಗಿಡುಗ–ಪಾರಿವಾಳದ ಪ್ರಶ್ನೆ. ಯುದ್ಧ ಬಿರುಸಾಗಲಿ ಎನ್ನುವವರು ಗಿಡುಗ, ತಗ್ಗಲಿ ಎನ್ನುವವರು ಪಾರಿವಾಳ, ನೀವು ಯಾವುದು ಎಂದು ಕೇಳುತ್ತಿದ್ದರು. 1968ರ ಜನವರಿ ಕೊನೆಯಲ್ಲಿ, ಟೆಟ್ ಎಂಬ ಹೊಸವರ್ಷದ ಹಬ್ಬದ ಹೊತ್ತಿಗೆ, ದಕ್ಷಿಣದ ನಗರಗಳ ಮೇಲೆ ಕಮ್ಯುನಿಸ್ಟ್ ಪಡೆಗಳ ಟೆಟ್ ದಾಳಿಯಾಯಿತಲ್ಲ, ಅದರ ಬೆನ್ನಿಗೇ ಗಿಡುಗಗಳ ಪ್ರಮಾಣ ಶೇ 60ರ ಆಸುಪಾಸಿಗೆ *ಏರಿತು*. ಎರಡು ತಿಂಗಳಲ್ಲಿ ಇಳಿದು ಎರಡೂ ಬಣ ಸಮಸಮ ಆದವು. ಇಳಿದದ್ದೇಕೆ? 1967ರ ನವೆಂಬರಿನಲ್ಲಷ್ಟೇ ವಿಯೆಟ್ನಾಂನಲ್ಲಿ ಅಮೆರಿಕನ್ ಪಡೆಗಳ ದಂಡನಾಯಕರಾಗಿದ್ದ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ವಾಷಿಂಗ್ಟನ್ನಿಗೆ ಬಂದು ಯುದ್ಧದ ಕೊನೆ ಕಾಣತೊಡಗಿದೆ ಎಂದಿದ್ದರು. ಮೂರು ತಿಂಗಳೊಳಗೆ ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನಿನ ಅಮೆರಿಕನ್ ರಾಯಭಾರ ಕಚೇರಿಯ ಆವರಣಕ್ಕೇ ಶತ್ರು ನುಗ್ಗಿದ. ರಣರಂಗದಲ್ಲಿ ಟೆಟ್ ದಾಳಿ ವಿಫಲವಾಯಿತು ಎನ್ನುವುದು ನಿಜ, ಆದರೆ ಗೆಲುವು ಹತ್ತಿರವಿದೆ ಎಂಬ ಮಾತಿನ ಮೇಲಿದ್ದ ನಂಬಿಕೆ ಅಲ್ಲಿಗೆ ಮುಗಿಯಿತು. ‘ಟೆಟ್‌ನಿಂದ ಜನ ತಿರುಗಿಬಿದ್ದರು’ ಎಂದಷ್ಟೇ ಬರೆದರೆ ಅರ್ಧ ಉತ್ತರ. ತಿರುಗುವುದು ಅದಕ್ಕೂ ಮೊದಲೇ ಶುರುವಾಗಿತ್ತು.

ಮೂರನೆಯದು ನೇರ ವಾಪಸಾತಿಯ ಪ್ರಶ್ನೆ. ವರ್ಷಾಂತ್ಯದೊಳಗೆ ಎಲ್ಲ ಸೈನಿಕರನ್ನೂ ಕರೆತರುವ ಕಾನೂನಿಗೆ 1971ರ ಆರಂಭದಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಒಪ್ಪಿದ್ದರು. ಅದೇ ವರ್ಷ ‘ದಕ್ಷಿಣ ವಿಯೆಟ್ನಾಂ ಕಮ್ಯುನಿಸ್ಟರ ಪಾಲಾದರೂ ಸರಿಯೇ?’ ಎಂಬ ಬಾಲ ಸೇರಿಸಿ ಕೇಳಿದಾಗ ಬೆಂಬಲ ಅರ್ಧಕ್ಕಿಂತ ಕೆಳಗಿಳಿಯಿತು. ‘ನಮ್ಮ ಯುದ್ಧಕೈದಿಗಳ ಪ್ರಾಣಕ್ಕೆ ಕುತ್ತು ಬಂದರೂ?’ ಎಂದಾಗ ಇನ್ನೂ ಕೆಳಗೆ. ಆದ್ದರಿಂದ ಉತ್ತರದಲ್ಲಿ ಅಂಕಿ ಬರೆಯುವಾಗ ಪಕ್ಕದಲ್ಲಿ ಪ್ರಶ್ನೆಯನ್ನೂ ತಿಂಗಳನ್ನೂ ಬರೆಯಿರಿ. ಪ್ರಶ್ನೆಯಿಲ್ಲದ ಶೇಕಡಾವಾರು ಏನನ್ನೂ ಹೇಳುವುದಿಲ್ಲ.

ಸಾವಿನ ಲೆಕ್ಕ ಮತ್ತು ಬೆಂಬಲ

ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳನ್ನು ಹೋಲಿಸಿ ರಾಜ್ಯಶಾಸ್ತ್ರಜ್ಞ ಜಾನ್ ಮ್ಯುಲ್ಲರ್ ತೋರಿಸಿದ್ದು ಇದು: ಸತ್ತವರು ಮತ್ತು ಗಾಯಗೊಂಡವರ ಒಟ್ಟು ಸಂಖ್ಯೆ ಹತ್ತು ಪಟ್ಟಾದಾಗಲೆಲ್ಲ ಬೆಂಬಲ ಸುಮಾರು 15 ಶೇಕಡಾ ಅಂಶ ಇಳಿಯುತ್ತದೆ. 1,000ದಿಂದ 10,000ಕ್ಕೆ ಹೋದಾಗ ಆಗುವಷ್ಟೇ ಇಳಿಕೆ 10,000ದಿಂದ 1,00,000ಕ್ಕೆ ಹೋದಾಗಲೂ. ಅಂದರೆ ಮೊದಲ ಸಾವುಗಳು ಅಭಿಪ್ರಾಯವನ್ನು ಹೆಚ್ಚು ಅಲುಗಿಸುತ್ತವೆ. ಆಮೇಲೆ ಉಳಿಯುವವರು ಗಟ್ಟಿ ಬೆಂಬಲಿಗರು, ಅವರು ಸುಲಭಕ್ಕೆ ಕದಲುವುದಿಲ್ಲ. ನಕ್ಷೆ ಬರೆಯುವವರು ಅಡ್ಡ ಅಕ್ಷವನ್ನು ಲಾಗರಿತಮ್ ಅಳತೆಯಲ್ಲಿ (ಪ್ರತಿ ಹೆಜ್ಜೆಗೂ ಹತ್ತು ಪಟ್ಟು) ಹಾಕಿ, ಆಗಷ್ಟೇ ಗೆರೆ ನೇರವಾಗಿ ಬರುತ್ತದೆ. ಮನೆಮನೆಗೆ ಟಿವಿ ಬರುವ ಮೊದಲು ನಡೆದ ಕೊರಿಯಾ ಯುದ್ಧದಲ್ಲೂ ಇದೇ ಮಾದರಿ ಕಂಡಿರುವುದರಿಂದ ‘ಎಲ್ಲವೂ ಟಿವಿಯಿಂದ’ ಎಂಬ ವಾದ ಸೊರಗುತ್ತದೆ. ಈ ಸೂತ್ರಕ್ಕೂ ಟೀಕೆ ಇದೆ. ಸಾವಿನ ಸಂಖ್ಯೆಗಿಂತ ಗೆಲ್ಲುವ ನಿರೀಕ್ಷೆ ಮುಖ್ಯ ಎನ್ನುವವರು ಕೆಲವರು, ನಾಯಕರು ಒಡೆದಾಗ ಜನರೂ ಪಕ್ಷವಾರು ಒಡೆಯುತ್ತಾರೆ ಎನ್ನುವವರು ಕೆಲವರು.

ಇನ್ನೊಂದು ತಪ್ಪು ಕಲ್ಪನೆ: ಯುವಜನರೆಲ್ಲ ವಿರೋಧಿಗಳು, ಹಿರಿಯರೆಲ್ಲ ಬೆಂಬಲಿಗರು. ಸಮೀಕ್ಷೆಗಳಲ್ಲಿ ಕಾಣುವುದು ತಿರುಗುಮುರುಗು. 30ರೊಳಗಿನವರು ಹಿರಿಯರಿಗಿಂತ ಹೆಚ್ಚು ಯುದ್ಧದ ಪರ ಇದ್ದರು. ಹೆಂಗಸರಲ್ಲಿ ಬೆಂಬಲ ಗಂಡಸರಿಗಿಂತ ಕಡಿಮೆ. ಚಳವಳಿಯಂತೂ ಜನಪ್ರಿಯವಾಗಿರಲೇ ಇಲ್ಲ. 1970ರ ಮೇ 4ರಂದು ಓಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಯುದ್ಧವಿರೋಧಿ ಪ್ರತಿಭಟನೆಯಲ್ಲಿ ನ್ಯಾಷನಲ್ ಗಾರ್ಡ್ (ರಾಜ್ಯದ ಮೀಸಲು ಸೇನೆ) ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತಾಗ, ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 58ರಷ್ಟು ಮಂದಿ ತಪ್ಪು ವಿದ್ಯಾರ್ಥಿಗಳದ್ದೇ ಎಂದರು. ಗಾರ್ಡ್‌ನದು ಎಂದವರು ಶೇ 11. ಯುದ್ಧ ಬೇಡ, ಯುದ್ಧ ಬೇಡ ಎಂದು ಕೂಗುವವರೂ ಬೇಡ!

ಕಂತುಗಳಲ್ಲಿ ವಾಪಸಾತಿ

1969ರ ಏಪ್ರಿಲ್‌ನಲ್ಲಿ ವಿಯೆಟ್ನಾಂನಲ್ಲಿ 5,43,400 ಅಮೆರಿಕನ್ ಸೈನಿಕರಿದ್ದರು, ಅದೇ ಗರಿಷ್ಠ. ಜೂನ್ 8ರಂದು ಮಿಡ್‌ವೇ ದ್ವೀಪದಲ್ಲಿ ಜಾನ್ಸನ್ ನಂತರದ ಅಧ್ಯಕ್ಷ ನಿಕ್ಸನ್ ವಾಪಸಾತಿಯ ಮೊದಲ ಕಂತು ಘೋಷಿಸಿದರು: 25,000. 1970ರ ಕೊನೆಗೆ ಸುಮಾರು 3,35,000 ಉಳಿದರು, 1971ರ ಕೊನೆಗೆ 1,57,000, 1972ರ ಕೊನೆಗೆ 24,000. ಪ್ರತಿ ಕಂತಿಗೂ ಒಂದು ಭಾಷಣ. ಬೀದಿಗಿಳಿಯದ ಬಹುಸಂಖ್ಯಾತರ ಬೆಂಬಲ ಕೋರಿದ 1969ರ ನವೆಂಬರ್ 3ರ ‘ಮೌನ ಬಹುಸಂಖ್ಯಾತರು’ ಭಾಷಣದ ನಂತರ ನಿಕ್ಸನ್ ಜನಮನ್ನಣೆ ಸುಮಾರು ಶೇ 68ಕ್ಕೆ ಏರಿತು. ಡಿಸೆಂಬರ್ 1ರಂದು ಕಡ್ಡಾಯ ಸೈನಿಕ ಭರ್ತಿಗೆ ಲಾಟರಿ ಬಂತು. ಚೀಟಿಯಲ್ಲಿ ದೊಡ್ಡ ಸಂಖ್ಯೆ ಬಂದ, ಅಂದರೆ ಕರೆ ಬರುವ ಸಾಧ್ಯತೆ ಕಡಿಮೆಯಿದ್ದ, ಹುಡುಗರು ನಿಟ್ಟುಸಿರು ಬಿಟ್ಟರು. 1968ರಲ್ಲಿ ಸತ್ತ ಅಮೆರಿಕನ್ನರು 16,899, 1971ರಲ್ಲಿ 2,414.

ನನ್ನ ಓದಿನಲ್ಲಿ ಇಡೀ ವಿಷಯದ ತಿರುಳು ಇದೇ. ಜನಾಭಿಪ್ರಾಯ ‘ಹೊರಡು’ ಎಂದು ಆಜ್ಞೆ ಕೊಡಲಿಲ್ಲ, ಗಡುವು ಕೊಟ್ಟಿತು. ಕಂತುಗಳ ಮೂಲಕ ಸರ್ಕಾರ ಆ ಗಡುವನ್ನು ಮುಂದೂಡುತ್ತ ಹೋಯಿತು. ನಿಕ್ಸನ್ ಕಾಲದಲ್ಲೇ ಸುಮಾರು 21,000 ಅಮೆರಿಕನ್ ಸೈನಿಕರು ಸತ್ತರು. ಮುಂದೂಡಿಕೆಯ ಬೆಲೆ ಅದು, ವಿಯೆಟ್ನಾಮೀಯರ ಲೆಕ್ಕ ಬೇರೆಯೇ.

ಕಂತಿನ ಅಪಾಯವನ್ನು ರಾಷ್ಟ್ರೀಯ ಭದ್ರತಾ ಸಲಹೆಗಾರ ಕಿಸಿಂಜರ್ 1969ರ ಸೆಪ್ಟೆಂಬರಿನಲ್ಲೇ ನಿಕ್ಸನ್‌ಗೆ ಬರೆದು ತಿಳಿಸಿದ್ದರು: ವಾಪಸಾತಿ ಉಪ್ಪು ಹಾಕಿದ ಕಡಲೆಬೀಜದಂತೆ, ತಿಂದಷ್ಟೂ ಇನ್ನಷ್ಟು ಬೇಕೆನಿಸುತ್ತದೆ. ಸೈನಿಕರು ಕಡಿಮೆಯಾದಂತೆ ಪ್ಯಾರಿಸ್ ಶಾಂತಿ ಮಾತುಕತೆಯಲ್ಲಿ ಉತ್ತರ ವಿಯೆಟ್ನಾಂ ರಾಜಧಾನಿ ಹ್ಯಾನೊಯ್‌ಗೆ ಆತುರವೂ ಕಡಿಮೆಯಾಗುತ್ತದೆ, ಕಾದರೆ ಸಾಕಲ್ಲ.

ನೆಲದ ಮೇಲೆ ಇದು ನಡೆದ ರೀತಿ ಹೀಗೆ. ಸೈನಿಕನ ಅವಧಿ 12 ತಿಂಗಳು, ಮೆರೀನ್‌ಗೆ 13. ‘ಘಟಕ ಮರಳಿತು’ ಎಂದರೆ ಅದರ ಜನರೆಲ್ಲ ಮರಳಿದರು ಎಂದಲ್ಲ. ಅವಧಿ ಬಾಕಿ ಇದ್ದವರನ್ನು ಬೇರೆ ಘಟಕಕ್ಕೆ ಹಾಕಿ, ಮುಗಿಯುತ್ತ ಬಂದವರನ್ನು ಹೊರಡುವ ಘಟಕಕ್ಕೆ ತುಂಬುತ್ತಿದ್ದರು. ಇದರಿಂದ ಉಳಿದ ಘಟಕಗಳಲ್ಲಿ ಪರಸ್ಪರ ಪರಿಚಯವೇ ಇಲ್ಲದವರು ಸೇರಿದರು, ಹೊರಡುವ ಯುದ್ಧದಲ್ಲಿ ಕೊನೆಯವನಾಗಿ ಸಾಯಲು ಯಾರಿಗೂ ಮನಸ್ಸಿಲ್ಲ, ಶಿಸ್ತು ಹಾಳಾಯಿತು, ಮಾದಕ ವಸ್ತು ಹೆಚ್ಚಿತು. ಇನ್ನೊಂದು ಕಡೆ ದಕ್ಷಿಣ ವಿಯೆಟ್ನಾಂ ಸೇನೆಯನ್ನು ಅಮೆರಿಕದ ಮಾದರಿಯಲ್ಲೇ ಕಟ್ಟಿದರು: ಹೆಲಿಕಾಪ್ಟರ್, ಫಿರಂಗಿ, ವಿಮಾನದಾಳಿ. 1971ರ ಲಾವೋಸ್ ಕಾರ್ಯಾಚರಣೆಯಲ್ಲಿ ಆ ಸೇನೆ ತತ್ತರಿಸಿತು. 1972ರ ಮಾರ್ಚ್ 30ರಿಂದ ಉತ್ತರ ವಿಯೆಟ್ನಾಂ ನಡೆಸಿದ ದೊಡ್ಡ ದಾಳಿಯನ್ನು ತಡೆದದ್ದು ಮುಖ್ಯವಾಗಿ ಅಮೆರಿಕದ ವಾಯುಬಲ.

1973ರ ಜನವರಿ 27ರ ಪ್ಯಾರಿಸ್ ಒಪ್ಪಂದ 60 ದಿನಗಳಲ್ಲಿ ಸೇನೆ ತೆರವು ಮತ್ತು ಕೈದಿಗಳ ಬಿಡುಗಡೆಯನ್ನು ಒಂದಕ್ಕೊಂದು ಗಂಟು ಹಾಕಿತು. 591 ಅಮೆರಿಕನ್ ಕೈದಿಗಳು ಮರಳಿದರು. ಸಮೀಕ್ಷೆಯ ಮೂರನೇ ಪ್ರಶ್ನೆಯ ಆ ಬಾಲಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿ. ಅಲ್ಲಿಂದಾಚೆ ಯುದ್ಧಕ್ಕೆ ಮರಳುವ ಮಾತಿಗೆ ಬೆಲೆಯೇ ಇರಲಿಲ್ಲ. 1973ರ ಆಗಸ್ಟ್ 15ರಿಂದ ಬಾಂಬ್ ದಾಳಿಗೆ ಹಣ ಕೊಡುವುದನ್ನು ಕಾಂಗ್ರೆಸ್ ನಿಲ್ಲಿಸಿತು. 1975ರ ಆರ್ಥಿಕ ವರ್ಷಕ್ಕೆ ಸೈಗಾನಿಗೆ ಮಂಜೂರಾದ ಸೇನಾ ನೆರವು 70 ಕೋಟಿ ಡಾಲರ್ ಮಾತ್ರ. ಇಂಧನ, ಬಿಡಿಭಾಗ, ಮದ್ದುಗುಂಡು ಎಲ್ಲಕ್ಕೂ ಕೊರತೆ. 1975ರ ಏಪ್ರಿಲ್ 30ಕ್ಕೆ ಸೈಗಾನ್ ಬಿತ್ತು.

ಹೋಲಿಕೆಗೆ ಎರಡು

ಅಫ್ಗಾನಿಸ್ತಾನ: ಅಮೆರಿಕ–ತಾಲಿಬಾನ್ ನಡುವೆ 2020ರ ಫೆಬ್ರವರಿ 29ರ ದೋಹಾ ಒಪ್ಪಂದ, 2021ರ ಆಗಸ್ಟ್ 15ರಂದು ಕಾಬೂಲ್ ಪತನ, 30ಕ್ಕೆ ಕೊನೆಯ ವಿಮಾನ. ಇಲ್ಲೂ ಗುತ್ತಿಗೆಯ ತಂತ್ರಜ್ಞರು ಹೊರಟೊಡನೆ ಅಫ್ಗನ್ ವಾಯುಪಡೆಯ ವಿಮಾನಗಳು ನೆಲ ಹಿಡಿದವು. ಆ ತಿಂಗಳ ಪ್ಯೂ ಸಮೀಕ್ಷೆಯಲ್ಲಿ ಹೊರಡುವ ನಿರ್ಧಾರ ಸರಿ ಎಂದವರು ಶೇ 54, ಸರ್ಕಾರ ಅದನ್ನು ಚೆನ್ನಾಗಿ ನಿಭಾಯಿಸಿತು ಎಂದವರು ಶೇ 26. ‘ವಾಪಸಾತಿಗೆ ಜನಬೆಂಬಲ ಇತ್ತೇ?’ ಎಂದು ಕೇಳಿದರೆ ಎರಡನ್ನೂ ಬರೆಯಬೇಕು.

ಶ್ರೀಲಂಕಾದಲ್ಲಿ ಭಾರತದ ಶಾಂತಿಪಾಲನಾ ಪಡೆ: 1987ರ ಜುಲೈಯಿಂದ 1990ರ ಮಾರ್ಚ್ 24ರವರೆಗೆ, ಸುಮಾರು 1,200 ಯೋಧರ ಸಾವು. ಇಲ್ಲಿ ಹೊರಡಿ ಎಂದದ್ದು ಆ ದೇಶದ ಅಧ್ಯಕ್ಷ ಪ್ರೇಮದಾಸ, 1989ರ ಜೂನ್‌ನಲ್ಲಿ. ದೆಹಲಿಯಲ್ಲಿ ಸರ್ಕಾರ ಬದಲಾದ ಮೇಲೆ ತೆರವು ಮುಗಿಯಿತು. ಕಡ್ಡಾಯ ಭರ್ತಿ ಇಲ್ಲದ ದೇಶದಲ್ಲಿ ಯುದ್ಧದ ನೋವು ಸೈನಿಕರ ಮನೆಗಳಾಚೆ ಹೆಚ್ಚು ಹರಡಲಿಲ್ಲ. ರಾಜಕೀಯ ವಿರೋಧದ ಕಾವು ತಮಿಳುನಾಡಿನಲ್ಲೇ ಜೋರಾಗಿತ್ತು. ಮದ್ರಾಸಿಗೆ ಮರಳಿದ ಪಡೆಯನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ.