ವಿಮಾನ ಬಿದ್ದ ಮೇಲಿನ ವರ್ಷ: 'ಎಮರ್‌ಡೇಲ್' ದಾರಿ ಬದಲಿಸಿದ್ದು ಹೇಗೆ?

ಬ್ರಿಟನ್ನಿನ ಐಟಿವಿ ವಾಹಿನಿಯ 'ಎಮರ್‌ಡೇಲ್' ಧಾರಾವಾಹಿಯ ಬಗ್ಗೆ ಹಳೇ ವೀಕ್ಷಕರದ್ದು ಒಂದೇ ದೂರು. ಇದು ಹಳ್ಳಿಯ ಕಥೆಯಾಗಿ ಉಳಿದಿಲ್ಲ, ಬರೀ ಸಾವು, ಬೆಂಕಿ, ಬಿರುಗಾಳಿ. ಹೊಸಬರು ಇದನ್ನು ಒಪ್ಪುವುದಿಲ್ಲ. ಹಳ್ಳಿ ಅಂದಮಾತ್ರಕ್ಕೆ ದನ ಕುರಿ ತೋರಿಸ್ತಾ ಕೂರಬೇಕಾ ಅಂತ ಕೇಳುತ್ತಾರೆ. ಈ ಜಗಳ ಅರ್ಥವಾಗಬೇಕಾದರೆ 1994ನೇ ಇಸವಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಅದಕ್ಕೂ ಹಿಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಧಾರಾವಾಹಿ ಶುರುವಾಗಿದ್ದು 1972ರ ಅಕ್ಟೋಬರ್ 16ರಂದು, 'ಎಮರ್‌ಡೇಲ್ ಫಾರ್ಮ್' ಎಂಬ ಹೆಸರಿನಲ್ಲಿ. ಬರೆದವರು ಕೆವಿನ್ ಲಾಫನ್, ತಯಾರಿಸಿದ್ದು ಯಾರ್ಕ್‌ಷೈರ್ ಟೆಲಿವಿಷನ್. ಮೊದಲ ಕಂತಿನಲ್ಲೇ ಸಗ್ಡನ್ ಮನೆಯ ಯಜಮಾನನ ಶವಸಂಸ್ಕಾರ. ಹೆಂಡತಿ ಆನಿ ಮತ್ತು ಮಕ್ಕಳು ಜಮೀನು ಉಳಿಸಿಕೊಳ್ಳಲು ಪಡುವ ಪಾಡೇ ಕಥೆ. ಆಸ್ತಿ, ಅಣ್ಣತಮ್ಮಂದಿರ ಮುನಿಸು, ವೂಲ್‌ಪ್ಯಾಕ್ ಎಂಬ ಪಬ್ಬಿನಲ್ಲಿ ಹರಟೆ. ಹದಿನೇಳು ವರ್ಷ ಹೀಗೇ ನಡೆಯಿತು. 1989ರಲ್ಲಿ ಹೆಸರಿನಿಂದ 'ಫಾರ್ಮ್' ಬಿದ್ದುಹೋಯಿತು. ಹೊಲಕ್ಕಿಂತ ಹಣವಂತ ಟೇಟ್ ಕುಟುಂಬ ಜಾಸ್ತಿ ಕಾಣತೊಡಗಿತು.

ಆದರೂ ನೋಡುವವರ ಸಂಖ್ಯೆ ಬೇಕಾದಷ್ಟು ಏರಲಿಲ್ಲ. ಆಗ ಬೇರೆ ಧಾರಾವಾಹಿಗಳಲ್ಲಿ ಹೆಸರು ಮಾಡಿದ್ದ ಫಿಲ್ ರೆಡ್ಮಂಡ್ ಅವರನ್ನು ಸಲಹೆಗೆ ಕರೆಸಿದರು. 1993ರ ಡಿಸೆಂಬರ್ 30ರ ಕಂತಿನಲ್ಲಿ ಊರಿನ ಮೇಲೆ ವಿಮಾನ ಬಿತ್ತು. ಅದನ್ನು ನೋಡಿದವರು ಸುಮಾರು 1.8 ಕೋಟಿ ಜನ. ಧಾರಾವಾಹಿಯ ಚರಿತ್ರೆಯಲ್ಲೇ ಅದು ದಾಖಲೆ.

ಬೈದವರೂ ಕಡಿಮೆಯಿರಲಿಲ್ಲ. ಸ್ಕಾಟ್ಲೆಂಡಿನ ಲಾಕರ್‌ಬಿ ಊರಿನ ಮೇಲೆ, ಬಾಂಬು ಸಿಡಿದ ವಿಮಾನ ಬಿದ್ದು 270 ಜನ ಸತ್ತಿದ್ದು 1988ರ ಡಿಸೆಂಬರ್ 21ರಂದು. ಅದಕ್ಕೆ ಐದು ವರ್ಷ ತುಂಬಿ ಬರೀ ಒಂಬತ್ತು ದಿನವಾಗಿತ್ತು. ಮನರಂಜನೆಗೆ ಬೇರೆ ಸಮಯವೇ ಸಿಗಲಿಲ್ವಾ ಎಂದು ಕೇಳಿದವರನ್ನು ತಪ್ಪು ಅನ್ನಲಾಗದು.

ವಿಮಾನ ಬಿದ್ದದ್ದನ್ನೇ ಎಲ್ಲರೂ ನೆನಪಿಡುತ್ತಾರೆ. ಆದರೆ ಬರವಣಿಗೆಯ ಕಸುಬು ಕಾಣುವುದು ಅದರ ನಂತರದ ತಿಂಗಳುಗಳಲ್ಲಿ. ಸತ್ತ ಊರವರು ನಾಲ್ಕೇ ಜನ, ಬದುಕಿದವರ ಲೆಕ್ಕವೆಲ್ಲ ತಲೆಕೆಳಗು. ಕ್ಯಾಥಿಯನ್ನೇ ನೋಡಿ. ಅವಳು ಗಂಡ ಕ್ರಿಸ್ ಟೇಟ್‌ನನ್ನು ಬಿಟ್ಟು ಇನ್ನೊಬ್ಬನ ಜೊತೆ ಹೊರಡಲು ತಯಾರಾಗಿದ್ದಳು. ಅವತ್ತೇ ವಿಮಾನ ಬಿತ್ತು. ಕ್ರಿಸ್ ಅವಶೇಷದಡಿ ಸಿಕ್ಕಿ ಗಾಲಿಕುರ್ಚಿಗೆ ಬಂದ. ಈಗ ಬಿಟ್ಟು ಹೋದರೆ ಜನ ಏನಂದಾರು? ಅವಳು ಉಳಿದಳು. ಪ್ರೀತಿಯಿಂದಲ್ಲ, ಹೋಗಲಾಗದೆ. ಮುಂದೆ ಆ ಕ್ರಿಸ್ಸೇ ರೇಚಲ್ ಎಂಬವಳ ಸಂಗ ಮಾಡಿದ. ರೇಚಲ್ ಅದೇ ದುರಂತದಲ್ಲಿ ತಮ್ಮನನ್ನು ಕಳೆದುಕೊಂಡಿದ್ದವಳು.

ಇನ್ನೊಂದು ಎರಿಕ್ ಪೊಲಾರ್ಡ್‌ನದು. ಅವನ ಚೆಕ್ ವಂಚನೆ ಹೆಂಡತಿ ಎಲಿಜಬೆತ್‌ಗೆ ಗೊತ್ತಾಗಿತ್ತು, ಪೊಲೀಸರಿಗೆ ಹೇಳಿಬಿಡುವ ಹಂತದಲ್ಲಿದ್ದಳು. ಅಷ್ಟರಲ್ಲಿ ದುರಂತ. ಅವಳ ಹೆಣ ಸಿಕ್ಕಿತು. ಕೊಂದದ್ದು ವಿಮಾನವೋ ಗಂಡನೋ? ಅವಳ ಮಗ ಮೈಕಲ್‌ಗೆ ಅನುಮಾನ, ನೋಡುವವರಿಗೂ ಅನುಮಾನ. ಧಾರಾವಾಹಿ ಇದಕ್ಕೆ ಖಚಿತ ಉತ್ತರ ಕೊಡಲಿಲ್ಲ. ಪೊಲಾರ್ಡ್ ಪಾತ್ರ ದಶಕಗಳ ಕಾಲ ಅದೇ ಊರಿನಲ್ಲಿ ಓಡಾಡಿಕೊಂಡು ಮುಂದುವರಿಯಿತು. ಇಂಥ ಸಂಶಯವನ್ನು ಬಿಡಿಸದೆ ಇಡೋಕೆ ಧೈರ್ಯ ಬೇಕು.

ಆನಿ ಸಗ್ಡನ್ ಹೊಸದಾಗಿ ಕೈಹಿಡಿದಿದ್ದ ಗಂಡನನ್ನು ಕಳೆದುಕೊಂಡಳು, ತಾನೂ ತಿಂಗಳುಗಟ್ಟಲೆ ಕೋಮಾದಲ್ಲಿದ್ದಳು. ಆಮೇಲೆ ಸ್ಪೇನ್ ಸೇರಿದಳು. ಬೆಕಿಂಡೇಲ್ ಅನ್ನುವ ಊರಿನ ಹೆಸರೇ 1994ರಲ್ಲಿ ಎಮರ್‌ಡೇಲ್ ಎಂದು ಬದಲಾಯಿತು. ಅಂದರೆ ಒಂದು ಜಮೀನಿನ ಹೆಸರು ಇಡೀ ಊರಿಗೆ ಬಂತು. ಆದರೆ ಆ ಜಮೀನಿನ ಯಜಮಾನಿ ಊರಲ್ಲಿ ಉಳಿಯಲಿಲ್ಲ.

ಖಾಲಿಯಾದ ಜಾಗ ಖಾಲಿ ಉಳಿಯುತ್ತಾ? ಅದೇ 1994ರಲ್ಲಿ ಬೆನ್ ಡಿಂಗಲ್ ಎಂಬ ಹುಡುಗ ಲೂಕ್ ಮ್ಯಾಕ್‌ಅಲಿಸ್ಟರ್ ಜೊತೆ ಹೊಡೆದಾಟದಲ್ಲಿ ಸತ್ತ. ಸೇಡಿಗೆ ಬಂತು ಡಿಂಗಲ್ ಪರಿವಾರ: ಕಳ್ಳತನ, ಗುಜರಿ, ಹಂದಿ, ಗಲಾಟೆ. ತಂದೆ ಜ್ಯಾಕ್ ಪಾತ್ರದಲ್ಲಿ ಸ್ಟೀವ್ ಹ್ಯಾಲಿವೆಲ್. ಮರುವರ್ಷ ಮಗಳು ಟೀನಾ, ಬಸುರಿ ಎಂದು ನಂಬಿಸಿ ಲೂಕ್‌ನನ್ನು ಮದುವೆಗೆ ಒಪ್ಪಿಸಿ, ಚರ್ಚಿನಲ್ಲಿ ಎಲ್ಲರೆದುರು 'ಸುಳ್ಳು' ಅಂದಳು. ಅಣ್ಣನ ಸಾವಿಗೆ ಸೇಡು ಅದು. ಬರುಬರುತ್ತಾ ಈ ಪುಂಡ ಕುಟುಂಬವೇ ಧಾರಾವಾಹಿಯ ಬೆನ್ನೆಲುಬಾಯಿತು, ಸಗ್ಡನ್‌ರು ಹಿಂದೆ ಸರಿದರು.

ತೊಡಕು ಶುರುವಾದದ್ದು ಇಲ್ಲಿಂದ ಮುಂದೆ. ಒಮ್ಮೆ ಗೆದ್ದ ಉಪಾಯವನ್ನು ಬಿಡಲು ಯಾರಿಗೆ ಮನಸ್ಸಾಗುತ್ತದೆ? 2000ದಲ್ಲಿ ಬಸ್ ಅಪಘಾತ, 2003ರ ಕೊನೆಗೆ ಬಿರುಗಾಳಿ, 2006ರಲ್ಲಿ ಕುಸಿದ ಮನೆ, 2015ರಲ್ಲಿ ಮದುವೆಯ ದಿನ ಹೆಲಿಕಾಪ್ಟರ್, 2016ರಲ್ಲಿ ಹೆದ್ದಾರಿಯಲ್ಲಿ ಸಾಲು ಕಾರುಗಳ ಡಿಕ್ಕಿ, 2022ರಲ್ಲಿ ಐವತ್ತರ ಹುಟ್ಟುಹಬ್ಬಕ್ಕೆ ಮತ್ತೆ ಬಿರುಗಾಳಿ. ಇಷ್ಟು ಆಪತ್ತು ಕಂಡ ಹಳ್ಳಿಗೆ ವಿಮೆ ಕೊಡುವ ಕಂಪನಿ ಯಾವುದೋ!

ಇದನ್ನು ಒಬ್ಬರ ತಲೆಗೆ ಕಟ್ಟುವುದು ಸುಲಭ, ಆದರೆ ಸರಿಯಲ್ಲ. ವಾರಕ್ಕೆ ಎರಡೇ ಕಂತು ಇದ್ದದ್ದು 1997ರಲ್ಲಿ ಮೂರಾಯಿತು, 2000ದಲ್ಲಿ ಐದು. ನಿಜವಾದ ಹಳ್ಳಿ ಎಶೋಲ್ಟ್‌ನಲ್ಲಿ ನಡೆಯುತ್ತಿದ್ದ ಚಿತ್ರೀಕರಣ, ಹೇರ್‌ವುಡ್ ಎಸ್ಟೇಟಿನಲ್ಲಿ ಕಟ್ಟಿದ ಸೆಟ್ ಹಳ್ಳಿಗೆ ಹೋಯಿತು. ಅಲ್ಲಿ ಏನನ್ನು ಬೇಕಾದರೂ ಸುಡಬಹುದು, ಕೆಡವಬಹುದು. ವಾರಕ್ಕೆರಡು ಕಂತಿದ್ದಾಗ ಒಂದು ಬೇಲಿ ಜಗಳವನ್ನು ತಿಂಗಳಿಡೀ ಎಳೆಯಬಹುದಿತ್ತು. ವಾರಕ್ಕೆ ಐದಾದರೆ ಎಳೆಯೋಕಾಗುತ್ತಾ? ಹೊಸ ಹೊಸ ಘಟನೆ ಬೇಕೇ ಬೇಕು. ಆದರೆ ಒಂದು ಹೆಣದ ಮೇಲಿನ ಅನುಮಾನಕ್ಕೆ, ಹೊರಡಲಾಗದ ಹೆಂಡತಿಯ ಸಂಕಟಕ್ಕೆ 1994ರಲ್ಲಿ ಸಿಕ್ಕಷ್ಟು ಪುರುಸೊತ್ತು ಮುಂದಿನ ದುರಂತಗಳಿಗೆ ಸಿಗಲೇ ಇಲ್ಲ.